ಸೆಲೋಟೇಪ್ ಹಚ್ಚಿದ ಕ್ಯಾಸೆಟ್

ಇವತ್ತು ಟಾರ್ನೀಟ್‌ನ ನಮ್ಮ ಮನೆಯಲ್ಲಿ ಮಗಳು ಡ್ರಾಯರಿನಿಂದ ಒಂದು ಹಳೆಯ ಕ್ಯಾಸೆಟ್ ತೆಗೆದಳು. ನಾವು ಧಾರವಾಡದ ಅಜ್ಜಿಗೆ ದನಿ ತುಂಬಿ ಕಳಿಸುತ್ತಿದ್ದವುಗಳಲ್ಲಿ ಕಳಿಸದೆ ಉಳಿದ ಒಂದು. ಅಂಚಿನ ತೂತಿಗೆ ಸೆಲೋಟೇಪ್ ಹಚ್ಚಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ ಸಿಡ್ನಿಯ ಎಪ್ಪಿಂಗ್‌ನಲ್ಲಿ ನಮ್ಮ ಕೆಳಮನೆಯಲ್ಲಿ ಸ್ಕಾಟ್ಲೆಂಡಿನ ಮಾರ್ಗರೆಟ್ ಆಂಟಿ ಇದ್ದರು. ಅವರ ತಾಯಿ ಊರಿನ ಹೆಂಗಸರ ಜೊತೆ ಒದ್ದೆ ಉಣ್ಣೆಬಟ್ಟೆಯನ್ನು ಹದಮಾಡಲು ಮೇಜಿಗೆ ಬಡಿಯುತ್ತ ಹಾಡಿದ ಹಾಡುಗಳು ಒಂದೇ ಒಂದು ಕ್ಯಾಸೆಟ್ಟಿನಲ್ಲಿದ್ದವು. ಅದರ ಟೇಪ್ ಸಿಕ್ಕಿಕೊಂಡಾಗ ಅಪ್ಪ ಪೆನ್ಸಿಲ್ಲಿನಿಂದ ಸುತ್ತಿ ಸರಿಮಾಡಿ ನಮ್ಮ ಟೀವಿಯ ಮೇಲಿಟ್ಟರು.

ಅಳಿಸಿಹೋಗದಿರಲೆಂದು ಕ್ಯಾಸೆಟ್ಟಿನ ಅಂಚಿನ ಪುಟ್ಟ ಚೂರನ್ನು ಮುರಿದಿರುತ್ತಾರೆ. ಆ ತೂತಿಗೆ ಸೆಲೋಟೇಪ್ ಹಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆಂದು ಕಲಿಸಿದವರೂ ಅಪ್ಪನೇ. ಟೀವಿಯ ಮೇಲಿದ್ದ ಕ್ಯಾಸೆಟ್ಟಿಗೆ, ಯಾರದೆಂದು ನೋಡದೆ, ನಾನು ಹಚ್ಚಿದೆ, ಅಜ್ಜಿಗೆಂದು ಇಡೀ ದೇವರನಾಮ ಹಾಡಿ ತುಂಬಿದೆ.

ಅಮ್ಮ ಬಂದು ನೋಡಿ ಬೆಚ್ಚಿದಳು. “ಅಯ್ಯ, ಇದು ಆಂಟೀದಲ್ಲೇನ? ಸುಮ್ಮನ ಕೊಟ್ಟು ಬಾ. ಏನೂ ಹೇಳಬ್ಯಾಡ.”

ಸೆಲೋಟೇಪ್ ಕಿತ್ತು, ಕೊಟ್ಟು ಬಂದೆ. ಸಂಜೆಯಿಡೀ ಬಾಗಿಲಿಗೆ ಕಿವಿಯಿಟ್ಟು ಓಡಾಡಿದೆ. ಆಂಟಿ ಬರಲಿಲ್ಲ. ಕೆಳಗಿನಿಂದ ಬಟ್ಟೆ ಬಡಿಯುವ ಸದ್ದು, ಅವರ ತಾಯಿಯ ದನಿ ಕೇಳಿಸಿತು. ನಡುವೆ ನನ್ನ ದನಿ ಬಂತು. ಈಗ ನಿಲ್ಲಿಸುತ್ತಾರೆ ಅಂದುಕೊಂಡೆ. ನಿಲ್ಲಿಸಲಿಲ್ಲ, ಮುಂದಕ್ಕೂ ಓಡಿಸಲಿಲ್ಲ. ನನ್ನ ಹಾಡು ಮುಗಿದು ತಾಯಿ ಮರಳಿ ಬರುವವರೆಗೆ ಕಾದರು. ಆಮೇಲೆ ಪ್ರತಿ ಭಾನುವಾರವೂ ಕಾದರು.

“ಕ್ಯಾನ್ ವಿ ಪ್ಲೇ ಇಟ್, ಅಮ್ಮಾ?” ಎಂದಳು ಮಗಳು, ಡ್ರಾಯರಿನ ಕ್ಯಾಸೆಟ್ ಹಿಡಿದು.

“ಪ್ಲೇಯರ್ ಇಲ್ಲ ಪುಟ್ಟಾ” ಎಂದೆ.

ಪ್ಲೇಯರ್ ಗ್ಯಾರೇಜಿನಲ್ಲಿದೆ.