ಸೌದೆ ಉಳಿಸುವ ಪಾಠ

ಆ ವರ್ಷ ನಮ್ಮ ಮೆಕ್ಯಾನಿಕಲ್ ವಿಭಾಗಕ್ಕೆ ಹೊಸದಾಗಿ ಸೇರಿದ ಮಕ್ಕಳನ್ನು ಒಂದೇ ಸಾಲಿನ ಬೆಂಚುಗಳಲ್ಲಿ ಕೂರಿಸಬಹುದಿತ್ತು. ಹಾಸನದ ಅಂಚಿನಲ್ಲಿರುವ ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಬರುವ ತಂದೆತಾಯಿಗಳೆಲ್ಲ ಕೇಳುತ್ತಿದ್ದುದು ಕಂಪ್ಯೂಟರ್ ಸೈನ್ಸ್ ಒಂದನ್ನೇ. ನನ್ನ ಜೊತೆ ಕೆಲಸಕ್ಕೆ ಸೇರಿದವರಲ್ಲಿ ಒಬ್ಬರು ಕೋಚಿಂಗ್ ಸೆಂಟರ್ ತೆರೆದರು, ಇನ್ನೊಬ್ಬರು ವಿಮಾ ಏಜೆಂಟರಾದರು. ಬೇರೆಲ್ಲಿಗೆ ಹೋಗುವುದೆಂದು ತೋಚದೆ ನಾನು ಉಳಿದೆ. ಬೆಳಿಗ್ಗೆ ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿ, ಹಾಸನದಲ್ಲಿ ಕಂಡಕ್ಟರ್ ಕೂಗಿದ ಮೇಲೆ ಇಳಿಯುವುದು; ಸಂಜೆ ಮತ್ತೆ ಅದೇ ದಾರಿ.

ಪಾಠ ಹೇಳಿಸಿಕೊಳ್ಳುವವರೇ ಕಡಿಮೆಯಾದಾಗ ನನ್ನಂಥ ಹಳಬಳಿಗೆ ಏನಾದರೂ ಕೆಲಸ ಹುಡುಕಬೇಕಾಯಿತು. ಪ್ರಿನ್ಸಿಪಾಲರು ಕರೆದು, "ಮೇಡಂ, ಸುಸ್ಥಿರತೆ ಅಂತ ಹೊಸ ವಿಷಯ ಬಂದಿದೆ. ನೀವೇ ತಗೊಂಡುಬಿಡಿ. ಜೊತೆಗೆ ಪ್ಲೇಸ್‌ಮೆಂಟ್ ಕೆಲಸಾನೂ ನೋಡ್ಕೊಳ್ಳಿ. ಎರಡೂ ಒಂದೇ ಅಲ್ವೇ? ಈಗ ಕಂಪನಿಯವರೆಲ್ಲ ಅದನ್ನೇ ಕೇಳ್ತಾರಂತೆ," ಎಂದರು. ಎರಡೂ ಹೇಗೆ ಒಂದೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೊಂದು ಸಮಿತಿ ಮಾಡಿ ಅದಕ್ಕೂ ನನ್ನನ್ನೇ ಅಧ್ಯಕ್ಷೆ ಮಾಡುತ್ತಿದ್ದರು.

ಅಲ್ಲಿಯವರೆಗೆ ನಾನು ಕಲಿಸುತ್ತಿದ್ದುದು ಶಾಖದ ವಿಷಯ. ಬಾಯ್ಲರು, ಎಂಜಿನ್ನು, ಶಾಖ ಎಲ್ಲಿಂದ ಹುಟ್ಟಿ ಎಲ್ಲಿ ಸೋರಿ ಹೋಗುತ್ತದೆ ಎಂಬ ಲೆಕ್ಕ. ಹೊಸ ವಿಷಯಕ್ಕೆ ಆನ್‌ಲೈನಿನಲ್ಲಿ ಒಂದು ತರಬೇತಿ ಕೊಟ್ಟರು. ಹಸಿರು ಎಲೆ, ನೀಲಿ ಭೂಗೋಳ, ನಗುವ ಮಕ್ಕಳು, ಇಂಥ ಚಿತ್ರಗಳ ಸ್ಲೈಡುಗಳು. ಮೆಕ್ಯಾನಿಕಲ್ ಕೊನೆಯ ವರ್ಷದವರ ಮೊದಲ ತರಗತಿಯಲ್ಲಿ ಅವನ್ನೇ ತೋರಿಸಿದೆ. ಹಿಂದಿನ ಬೆಂಚಿನಿಂದ ಅರಕಲಗೂಡಿನ ಹುಡುಗನೊಬ್ಬ ಎದ್ದುನಿಂತ. ಕೀಟಲೆಯ ಮುಖವಾಗಿರಲಿಲ್ಲ.

"ಮ್ಯಾಮ್, ಇದನ್ನ ಓದಿದ್ರೆ ಕೆಲಸ ಸಿಗುತ್ತಾ?"

"ಗೊತ್ತಿಲ್ಲಪ್ಪ," ಎಂದೆ.

ತರಗತಿ ನಕ್ಕಿತು. ಅವನು ಮಾತ್ರ ನಗದೆ ಕುಳಿತ. ಆ ಮೇಲೆ ಸ್ಲೈಡುಗಳನ್ನು ತೋರಿಸಲು ನನಗೂ ಮನಸ್ಸಾಗಲಿಲ್ಲ. ಪ್ರಾಜೆಕ್ಟ್ ಮಾಡುವುದು ಹೇಗೂ ಕಡ್ಡಾಯವಿತ್ತು. ನಿಮ್ಮೂರಿನಲ್ಲಿ ಏನು ಪೋಲಾಗುತ್ತಿದೆಯೋ ಅದನ್ನು ನೋಡಿಕೊಂಡು ಬನ್ನಿ, ಅದನ್ನೇ ಪ್ರಾಜೆಕ್ಟ್ ಮಾಡೋಣ ಎಂದೆ. ಮುಂದಿನ ವಾರ ಬಂದದ್ದೆಲ್ಲ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸೋಲಾರ್ ಮತ್ತು ಸ್ಮಾರ್ಟ್ ಡಸ್ಟ್‌ಬಿನ್. ಒಬ್ಬಳು ಹುಡುಗಿ ಮಾತ್ರ ಬೇರೇನೋ ತಂದಿದ್ದಳು.

ಅವಳ ಊರು ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನ ಕಡೆ. ಅವಳ ಮನೆಯವರು ಹೊಗೆಸೊಪ್ಪು ಬೆಳೆಯುತ್ತಾರೆ. ಕೊಯ್ದ ಹಸಿ ಎಲೆಯನ್ನು ಬ್ಯಾರನ್ ಎಂಬ ಎತ್ತರದ ಮಣ್ಣುಗೋಡೆಯ ಕೋಣೆಯಲ್ಲಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟಿ, ತಗಡಿನ ಕೊಳವೆಗಳಲ್ಲಿ ಶಾಖ ಹರಿಸಿ ದಿನಗಟ್ಟಲೆ ಬೇಯಿಸಬೇಕು. ಎಲೆ ಹೊನ್ನಿನ ಬಣ್ಣಕ್ಕೆ ಬರುವಷ್ಟರಲ್ಲಿ ಟ್ರ್ಯಾಕ್ಟರುಗಟ್ಟಲೆ ಸೌದೆ ಬೂದಿಯಾಗಿರುತ್ತದೆ.

"ಬ್ಯಾರನ್ ಮೇಲೆ ಕೈ ಇಟ್ರೆ ಸುಡುತ್ತೆ ಮ್ಯಾಮ್," ಎಂದಳು ಹುಡುಗಿ. "ಶಾಖ ಒಳಗಿರಬೇಕಲ್ವಾ? ಹೆಂಚಿನ ಮೇಲೆ ಬೆಕ್ಕು ಬಂದು ಮಲಗುತ್ತೆ."

ನನಗೆ ಬಹಳ ದಿನಗಳ ಮೇಲೆ ಪಾಠದ ಮೇಲೆ ಆಸೆ ಹುಟ್ಟಿತು. ಅರಕಲಗೂಡಿನ ಹುಡುಗನೂ ಅವಳ ಜೊತೆ ಸೇರಿಕೊಂಡ. ಅವರ ಕಡೆಯೂ ಹೊಗೆಸೊಪ್ಪಿನ ಬೆಳೆ ಉಂಟು. ಒಂದು ಶನಿವಾರ ಮೂವರೂ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಅವಳ ಊರಿಗೆ ಹೋದೆವು.

ಅವಳ ತಂದೆ ಬ್ಯಾರನ್ನಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಎದ್ದು ಕೈಮುಗಿದು ಕುರ್ಚಿ ಹಾಕಿಸಿ, ನಮ್ಮ ಮಾತೆಲ್ಲ ಕೇಳಿಸಿಕೊಂಡರು. ಚಾವಣಿಯ ಹೆಂಚಿನ ಕೆಳಗೆ ಬಿದಿರಿನ ತಡಿಕೆ ಕಟ್ಟಿ, ಅದರ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಮೇಲೊಂದು ಪದರ ಮಣ್ಣು ಮೆತ್ತುವುದು. ಗೋಡೆಯ ಬಿರುಕು ಮುಚ್ಚಿ ಬಾಗಿಲನ್ನು ಬಿಗಿಯಾಗಿ ಕೂರಿಸುವುದು. ಇಷ್ಟೇ ನಮ್ಮ ಯೋಜನೆ.

"ನಾರಾ?" ಎಂದರು ಅವರು. "ಬೆಂಕಿ ಅತ್ಕಂಡ್ರೆ ಬ್ಯಾರನ್ನೂ ಓಯ್ತದೆ, ಒಳಗಿರೋ ಸೊಪ್ಪೂ ಓಯ್ತದೆ. ನೀವು ಬಸ್ ಅತ್ಕಂಡು ಓಗ್ಬುಡ್ತೀರಿ ಮೇಡಮ್ಮೋರೆ."

"ಹೊಗೆ ಕೊಳವೆಯಿಂದ ದೂರ ಬಿಟ್ಟು ಹಾಸ್ತೀವಿ. ಮೇಲೆ ಮಣ್ಣಿರುತ್ತೆ. ಮೊದಲು ಖಾಲಿ ಬ್ಯಾರನ್ನಿಗೇ ಉರಿ ಹಾಕಿ ನೋಡೋಣ," ಎಂದೆ.

ಅವರು ಮಗಳ ಕಡೆ ತಿರುಗಿದರು. "ನೀನೇನಂತೀಯ ಮಗ?"

"ಆಯ್ತದೆ ಕಣಪ್ಪ," ಎಂದಳು. ಕಾಲೇಜಿನ ಕನ್ನಡ ಬಿಟ್ಟು ಅವಳು ಮನೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾರಿನ ಚಾಪೆಗಳನ್ನು ನಾನೇ ನಮ್ಮ ತಾಲ್ಲೂಕಿನ ದಂಡಿಗನಹಳ್ಳಿ ಕಡೆಯ ಒಂದು ನಾರಿನ ಫ್ಯಾಕ್ಟರಿಯಿಂದ ಗೂಡ್ಸ್ ಆಟೋದಲ್ಲಿ ತರಿಸಿದೆ. ಆ ಎರಡು ವಾರ ಭಾನುವಾರವೂ ಬಿಡುವಿರಲಿಲ್ಲ. ಹುಡುಗ ಏಣಿ ಹತ್ತಿ ತಡಿಕೆ ಕಟ್ಟಿದ. ಹುಡುಗಿ ತಾಯಿಯ ಜೊತೆ ಮಣ್ಣು ತುಳಿದು ಕಲಸಿದಳು. ನನ್ನ ಮಂಡಿ ನೋವಿಗೆ ಏಣಿ ಹತ್ತಲಾಗದೆ ಕೆಳಗೆ ನಿಂತು, ಅಲ್ಲಿ ಸಂದು ಬಿಟ್ಟಿದೆ, ಇಲ್ಲಿ ಬಿಟ್ಟಿದೆ ಎಂದು ಕೂಗುತ್ತಿದ್ದೆ.

ಖಾಲಿ ಬ್ಯಾರನ್ನಿನಲ್ಲಿ ಏನೂ ಆಗಲಿಲ್ಲ. ಸೊಪ್ಪು ತುಂಬಿ ಉರಿ ಹಾಕಿದ ಮೇಲೆ ಹುಡುಗಿ ರಜೆ ಹಾಕಿ ಒಲೆಯ ಮುಂದೆಯೇ ಉಳಿದಳು. ಹಾಕುವ ಪ್ರತಿ ಹೊರೆ ಸೌದೆಯನ್ನೂ ತೂಗಿ ಫೋನಿನಲ್ಲಿ ಬರೆದುಕೊಂಡಳಂತೆ. ಬಾಗಿಲು ತೆಗೆಯುವ ದಿನ ನನಗೆ ಪರೀಕ್ಷೆ ಡ್ಯೂಟಿ. ಮಧ್ಯಾಹ್ನ ಫೋನು ಬಂತು. ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು.

"ಮ್ಯಾಮ್, ಬಣ್ಣ ಚೆನ್ನಾಗಿ ಬಂದಿದೆ. ಸೌದೆ ಉಳಿದಿದೆ ಮ್ಯಾಮ್. ಗೋಡೆ ಪಕ್ಕ ಅಂಗೇ ಬಿದ್ದಿದೆ. ಅಪ್ಪ ಅದನ್ನೇ ಸುತ್ತಾಕ್ಕಂಡು ನೋಡ್ತಾ ಅವ್ರೆ."

ಬಹಳವೇನೂ ಉಳಿದಿರಲಿಲ್ಲ. ಆದರೆ ಕಣ್ಣಿಗೆ ಕಾಣುವಷ್ಟು ಉಳಿದಿತ್ತು. ಆ ಸಂಜೆ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ.

ಕಾಲೇಜಿನಲ್ಲಿ ಪ್ರಾಜೆಕ್ಟ್ ಪ್ರದರ್ಶನ ನಡೆಯುವ ಹೊತ್ತಿಗೆ ಪರಿಶೀಲನೆಗೆ ಹೊರಗಿನ ತಂಡವೊಂದು ಬರುವುದಿತ್ತು. ನಮ್ಮ ಪೋಸ್ಟರ್ ನೋಡಿದ ಪ್ರಿನ್ಸಿಪಾಲರ ಮುಖ ಸಣ್ಣದಾಯಿತು.

"ಮೇಡಂ, ತಂಬಾಕು? ಆರೋಗ್ಯಕ್ಕೆ ಹಾನಿಕರ ಅಂತ ಗೇಟಲ್ಲೇ ಬೋರ್ಡ್ ಹಾಕಿದೀವಿ. ಸುಸ್ಥಿರತೆ ಅಂತ ಹೇಳಿ ಇದನ್ನ ತೋರ್ಸಕ್ಕಾಗುತ್ತಾ?"

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಪ್ರಶ್ನೆ ನನ್ನನ್ನೂ ಕಾಡಿತ್ತು. ಆ ಬೆಳೆ ಒಂದು ದಿನ ನಿಂತರೆ ಒಳ್ಳೆಯದೇ. ಆದರೆ ಅದು ನಿಲ್ಲುವವರೆಗೂ ಮರ ಉರಿಯುತ್ತಲೇ ಇರುತ್ತದಲ್ಲ! ಇದನ್ನು ಅವರಿಗೆ ವಿವರಿಸುವ ಶಕ್ತಿ ಆ ಹೊತ್ತಿಗೆ ನನ್ನಲ್ಲಿರಲಿಲ್ಲ. ಪೋಸ್ಟರಿನ ತಲೆಬರಹ 'ಕೃಷಿ ಉತ್ಪನ್ನ ಒಣಗಿಸುವ ಘಟಕ' ಎಂದಾಯಿತು. ಎಲೆಯ ಚಿತ್ರವನ್ನು ತೆಗೆಸಿದರು. ಬಂದವರು ಆ ಪೋಸ್ಟರಿನ ಮುಂದೆ ನಿಂತು, "ಯಾವ ಉತ್ಪನ್ನಮ್ಮ?" ಎಂದು ಕೇಳಿದಾಗ ಹುಡುಗಿ ನನ್ನ ಮುಖ ನೋಡಿ, ಆ ಮೇಲೆ, "ಹೊಗೆಸೊಪ್ಪು ಸಾರ್," ಎಂದುಬಿಟ್ಟಳು. ಅವರು ತಲೆಯಾಡಿಸಿ ಮುಂದೆ ಹೋದರು. ಬಹುಮಾನ ಬಂದದ್ದು ಗಿಡ ನೆಟ್ಟವರಿಗೆ ಅಂಕ ಕೊಡುವ ಒಂದು ಮೊಬೈಲ್ ಆ್ಯಪಿಗೆ. ಆ್ಯಪು ಇನ್ನೂ ತಯಾರಾಗಿರಲಿಲ್ಲ. ಅದರ ಚಿತ್ರಗಳಷ್ಟೇ ಇದ್ದವು.

ಆ ಮೇಲೆ ಪ್ಲೇಸ್‌ಮೆಂಟಿನ ಕಾಲ. ಮಕ್ಕಳಿಗೆ ಟೈ ಕಟ್ಟುವುದು, ಕೈ ಕುಲುಕುವುದು, ನಿಮ್ಮ ದೌರ್ಬಲ್ಯವೇನು ಎಂದು ಕೇಳಿದರೆ ಏನನ್ನಬೇಕು, ಇವನ್ನೆಲ್ಲ ಕಲಿಸಿದೆ. ಕಲಿಸುತ್ತಾ ನನಗೇ ಆಕಳಿಕೆ ಬರುತ್ತಿತ್ತು. ಅರಕಲಗೂಡಿನ ಹುಡುಗನಿಗೆ ಫೋನಿನಲ್ಲಿ ಗ್ರಾಹಕರಿಗೆ ಉತ್ತರ ಕೊಡುವ ಕೆಲಸ ಸಿಕ್ಕಿತು. ಮೆಕ್ಯಾನಿಕಲ್ ಓದಿದ್ದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಅವನು ಸಿಹಿ ಹಂಚಿದ. ನನಗೊಂದು ಮೈಸೂರುಪಾಕು ಕೊಟ್ಟು, "ಸಿಕ್ತಲ್ಲ ಮ್ಯಾಮ್," ಎಂದ. ಖುಷಿಯೋ ಸಮಾಧಾನವೋ ತಿಳಿಯಲಿಲ್ಲ.

ಹುಡುಗಿ ಮೂರ್ನಾಲ್ಕು ಕಂಪನಿಗಳಲ್ಲಿ ಕೊನೆಯ ಸುತ್ತಿನವರೆಗೆ ಹೋಗಿ ಹೊರಬಿದ್ದಳು. ಕೊನೆಯದರಲ್ಲಿ ಸಂದರ್ಶನ ಮಾಡಿದವರು ಪ್ರಾಜೆಕ್ಟಿನ ಬಗ್ಗೆ ಕೇಳಿದರಂತೆ. ಇವಳು ಬ್ಯಾರನ್ನಿನ ವಿಷಯ ಹೇಳಿದಳಂತೆ. ಅವರು, "ವೆರಿ ನೈಸ್. ಕೋಡಿಂಗ್ ಬರುತ್ತಾ?" ಎಂದರಂತೆ.

ಹೇಳಿ ಮುಗಿಸಿ ನನ್ನ ಮೇಜಿನ ಮುಂದೆ ನಿಂತೇ ಇದ್ದಳು. ಅಳುತ್ತಿರಲಿಲ್ಲ, ಸಿಟ್ಟಿತ್ತು. "ಮ್ಯಾಮ್, ಆ್ಯಪ್ ಮಾಡ್ದೆ ಅಂದಿದ್ರೆ ಆಗ್ತಿತ್ತಾ?"

"ಆಗ್ತಿತ್ತೇನೋ," ಎಂದೆ. "ಕೂತ್ಕೋ. ಊಟ ಮಾಡಿದ್ಯಾ?"

ನನ್ನ ಡಬ್ಬಿಯ ಚಿತ್ರಾನ್ನವನ್ನು ಇಬ್ಬರೂ ತಿಂದೆವು.

ಮನೆಗೆ ಬಂದ ಮೇಲೂ ಅವಳ ಸಿಟ್ಟು ನನ್ನನ್ನು ಬಿಡಲಿಲ್ಲ. ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದ. ಬಟ್ಟೆಗೆ ಇಸ್ತ್ರಿ ಹಾಕಲು ಅಲ್ಲಿ ಹಬೆ ಬೇಕು, ಹಬೆಗೆ ಬಾಯ್ಲರ್, ಬಾಯ್ಲರಿಗೆ ಮತ್ತೆ ಸೌದೆಯೇ. ಅವನಿಗೆ ಫೋನ್ ಮಾಡಿದೆ.

"ಮೇಡಂ, ಜನ ಬೇಕು ನಿಜ. ನಮ್ಮ ಬೈಯರ್‌ಗಳು ಇಂಧನ ಎಷ್ಟು ಉಳಿಸಿದ್ರಿ ಅಂತ ಪ್ರತಿಸಲ ಕೇಳ್ತಾರೆ. ಆದ್ರೆ ಬಾಯ್ಲರ್ ರೂಮಿಗೆ ಹುಡುಗಿಯನ್ನ ತಗೊಳ್ಳೋಕೆ ಎಚ್‌ಆರ್ ಒಪ್ಪಲ್ಲ," ಎಂದ.

"ಒಂದು ಸಲ ಮಾತಾಡ್ಸಿ ನೋಡಪ್ಪ. ಆ ಮೇಲೆ ಬೇಡ ಅನ್ನು."

ಅವಳನ್ನು ನಾನೇ ಕರೆದುಕೊಂಡು ಹೋದೆ. ಅವನು ಟೈ, ದೌರ್ಬಲ್ಯ ಏನನ್ನೂ ಕೇಳದೆ ನೇರ ಬಾಯ್ಲರ್ ರೂಮಿಗೆ ಕರೆದೊಯ್ದ. ಶಾಖ ಮುಖಕ್ಕೆ ರಾಚಿತು. ಹುಡುಗಿ ಒಂದು ಸುತ್ತು ಹಾಕಿ, ಕೊಳವೆಯೊಂದರ ಹೊದಿಕೆ ಕಿತ್ತುಹೋದ ಜಾಗದ ಹತ್ತಿರ ಅಂಗೈ ಹಿಡಿದು ನಿಂತಳು. ಆ ಮೇಲೆ ಇಬ್ಬರೂ ಹಬೆಯ ಸದ್ದಿನಲ್ಲಿ ಕೂಗಿ ಕೂಗಿ ಏನೋ ಮಾತಾಡಿಕೊಂಡರು. ನನಗೆ ಕೇಳಿಸಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಅವನು ಹೇಳಿದ ಮೇಲೆ ಟ್ರೈನಿ ಎಂದು ತೆಗೆದುಕೊಳ್ಳಲು ಎಚ್‌ಆರ್‌ನವರು ಒಪ್ಪಿದರು. ಸಂಬಳ ಹುಡುಗನ ಫೋನ್ ಕೆಲಸದ ಸಂಬಳಕ್ಕಿಂತ ಕಡಿಮೆ.

ತಂದೆ ಒಪ್ಪಲಿಲ್ಲ. ಮುಂದಿನ ವಾರ ಮಗಳ ಜೊತೆ ಕಾಲೇಜಿಗೇ ಬಂದರು. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ದನಿ ಎತ್ತರಿಸಲಿಲ್ಲ.

"ಮೇಡಮ್ಮೋರೆ, ನಮ್ಮನೇವ್ಳು ಬ್ಯಾರನ್ ಮುಂದೆ ನಿಂತು ನಿಂತು ಕೆಮ್ಮು ಅಂಟಿಸ್ಕಂಡವ್ಳೆ. ಇವ್ಳಾದ್ರೂ ಫ್ಯಾನ್ ಕೆಳಗೆ ಕುಂತ್ಕಳ್ಳಿ ಅಂತ ಓದಿಸ್ದೆ. ನೀವು ನೋಡಿದ್ರೆ ತಿರ್ಗಾ ಉರಿ ಮುಂದ್ಕೇ ಕಳಿಸ್ತೀನಿ ಅಂತೀರಿ. ಇಂಜಿನೇರ್ ಓದಿ ಇದಾ ಸಿಕ್ಕದು?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಮಾತಾಡಿದ್ದು ಮಗಳು.

"ಅಪ್ಪ, ನಾನು ಸೌದೆ ಆಕಕ್ಕೆ ಓಯ್ತಿಲ್ಲ. ಆಕೋರು ಬ್ಯಾರೆ ಅವ್ರೆ. ಎಷ್ಟು ಆಕ್ಬೇಕು, ಎಲ್ಲಿ ಸೋರ್ತದೆ ನೋಡದು ನನ್ ಕೆಲ್ಸ. ಅವ್ವನ್ ಕೆಮ್ಮು ನಂಗೊತ್ತಿಲ್ವಾ?"

"ಆರ್ ತಿಂಗ್ಳು ನೋಡು. ಆಗಲ್ಲ ಅಂದ್ರೆ ಬಂದ್ಬುಡು," ಎಂದು ತಂದೆ ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಆ ನಾರಿನ ಚಾಪೆಗೆ ಇಲಿ ಸೇರ್ಕಂಡಿದ್ವು ಕಣ್ರವ್ವ. ಮರಿ ಆಕಿದ್ವು. ಕಿತ್ತಾಕ್ಬುಟ್ಟೆ. ದನದ ಕೊಟ್ಟಿಗೇಲಿ ಆಸಿದೀನಿ. ಬಾಗ್ಲು ಮಾತ್ರ ಅಂಗೇ ಬುಟ್ಟಿದೀನಿ, ಅದು ಚೆನ್ನಾಗ್ ಕೂತದೆ," ಎಂದರು.

ಹುಡುಗಿ ತಲೆ ತಗ್ಗಿಸಿದಳು. ಅವಳಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಇಲಿಯ ವಿಷಯ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಆ ದಿನ ಮಧ್ಯಾಹ್ನದ ತರಗತಿಯಲ್ಲಿ ಅದನ್ನೇ ಹೇಳಿದೆ. ಕೆಲವರು ಬರೆದುಕೊಂಡರು, ಪರೀಕ್ಷೆಗೆ ಬರುತ್ತದೆ ಎಂದುಕೊಂಡೋ ಏನೋ.

ಮರುವರ್ಷ ಮೆಕ್ಯಾನಿಕಲ್ ವಿಭಾಗಕ್ಕೆ ಪ್ರವೇಶ ಬೇಡವೆಂದು ಆಡಳಿತದವರು ತೀರ್ಮಾನಿಸಿದರು. ಪ್ರಯೋಗಾಲಯದ ಹಳೆಯ ಬಾಯ್ಲರ್ ಮಾದರಿಯನ್ನು ಮೂಲೆಗೆ ತಳ್ಳಿ ಆ ಕೋಣೆಗೆ ಕಂಪ್ಯೂಟರ್ ತಂದಿಟ್ಟರು. ನಾನು ಎಲ್ಲ ವಿಭಾಗಗಳಿಗೂ ಸುಸ್ಥಿರತೆ ಹೇಳುವ ಮೇಡಂ ಆಗಿ ಉಳಿದುಕೊಂಡೆ.

ಹುಡುಗಿ ಆರು ತಿಂಗಳಿಗೆ ವಾಪಸು ಬರಲಿಲ್ಲ. ಮೊನ್ನೆ ಹಾಸನದ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಫ್ಯಾಕ್ಟರಿಯ ಗುರುತಿನ ಚೀಟಿ ಕೊರಳಲ್ಲೇ ಇತ್ತು. ಮೊದಲಿಗಿಂತ ಸೊರಗಿದ್ದಳು. ಚಪ್ಪರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತು ಚಹಾ ಕುಡಿದೆವು. ಇಸ್ತ್ರಿಯಿಂದ ಹೊರಬರುವ ಬಿಸಿನೀರು ಚರಂಡಿಗೆ ಹೋಗುತ್ತಿತ್ತಂತೆ. ಅದನ್ನು ಬಾಯ್ಲರಿಗೇ ತಿರುಗಿಸಿ ಎಂದು ಸೇರಿದಂದಿನಿಂದ ಹೇಳುತ್ತಾ ಬಂದಿದ್ದಳಂತೆ. ಕೇಳುವವರಿರಲಿಲ್ಲ.

"ಈಗ ಒಪ್ಪಿದ್ರು ಮ್ಯಾಮ್. ಪೈಪ್ ಬಂದಿದೆ."

"ಖುಷಿ ಆಯ್ತಾ?"

"ಸುಸ್ತಾಗಿದೆ ಮ್ಯಾಮ್," ಎಂದು ನಕ್ಕಳು. "ಒಂದು ಕೆಲಸ ಆಗ್ಬೇಕು ಅಂದ್ರೆ ಎಷ್ಟು ಸಲ ಹೇಳ್ಬೇಕು ಅಂತ ಕಾಲೇಜಲ್ಲಿ ಯಾರೂ ಕಲಿಸ್ಲಿಲ್ಲ."

ಹೊಳೆನರಸೀಪುರದ ಬಸ್ಸು ಬಂತು. ಜನ ನುಗ್ಗಿದರು. ಅವಳು ಬ್ಯಾಗನ್ನು ಕಿಟಕಿಯಿಂದ ಸೀಟಿನ ಮೇಲೆ ಹಾಕಿ, ಆ ಮೇಲೆ ಹತ್ತಿದಳು. ನಾನು ಚಹಾದ ಲೋಟಗಳನ್ನು ಅಂಗಡಿಗೆ ಕೊಟ್ಟು ನನ್ನ ಬಸ್ಸಿನ ಕಡೆ ನಡೆದೆ.