ತೊಳೆಯದ ಮೊಟ್ಟೆಗಳ ದುರ್ಗಮ್ಮ

ಬೆಳಗಿನ ಐದೂವರೆ. ಸೊರಬ ತಾಲ್ಲೂಕಿನ ಹೊಸಬಾಳೆಯ ಈ ಮನೆಯಲ್ಲಿ ಒಲೆ ಇನ್ನೂ ಹೊತ್ತಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡ ಕೋಣೆಯಲ್ಲಿ ದುರ್ಗಮ್ಮ ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿ ಕೈ ಹಾಕುತ್ತಾರೆ. ಅದು ಕುಕ್ಕುತ್ತದೆ. "ಥೂ ನಿನ್ನ! ಐದು ದಿನದಿಂದ ನಾನೇ ಕಾಳು ಹಾಕ್ತಿದೀನಿ, ಇನ್ನೂ ಗುರ್ತು ಸಿಗ್ಲಿಲ್ವನೇ?" ಎಂದು ಬೈದು, ಮೊಟ್ಟೆಯನ್ನು ಬ್ಯಾಟರಿ ಬೆಳಕಿಗೆ ಹಿಡಿಯುತ್ತಾರೆ. ಚಿಪ್ಪು ಕೆಂಪಗೆ ಬೆಳಗುತ್ತದೆ. ಒಳಗೆ ನೂಲಿಗಿಂತ ಸಪೂರವಾದ ರಕ್ತನಾಳಗಳು ಜೇಡನ ಕಾಲಿನಂತೆ ಹರಡಿವೆ. "ನೋಡ್ರಿ, ನರ ಬಿಟ್ಟೈತೆ. ಇದು ಜೀವ ಇರೋ ಮೊಟ್ಟೆ."

ಇವರ ಬಗ್ಗೆ ಬರೆಯಲೆಂದು ಬಂದ, ಮೊಟ್ಟೆಯೆಂದರೆ ಆಮ್ಲೆಟ್ಟು ಎಂದಷ್ಟೇ ತಿಳಿದಿದ್ದ ನಾನು ಬಗ್ಗಿ ಇನ್ನೊಮ್ಮೆ ನೋಡುತ್ತೇನೆ.

ಈ ಮೊಟ್ಟೆಗಳು ಯಾರ ಅಡುಗೆಮನೆಗೂ ಹೋಗುವುದಿಲ್ಲ. ಶಿಕಾರಿಪುರದ ಸಣ್ಣದೊಂದು ಪ್ರಯೋಗಾಲಯದಲ್ಲಿ ಗಂಗಾಶ್ರೀ ಎಂಬ ಸಂಶೋಧಕಿ ಇವುಗಳಿಗಾಗಿ ಕಾಯುತ್ತಾರೆ. ಕ್ಯಾನ್ಸರ್ ಗಡ್ಡೆ ತನ್ನತ್ತ ಹೊಸ ರಕ್ತನಾಳಗಳನ್ನು ಎಳೆದುಕೊಂಡು ಬೆಳೆಯುತ್ತದಂತೆ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳಿಗೆ ಔಷಧ ಅಂಟಿಸಿ ಆ ನಾಳಗಳನ್ನು ತಡೆಯಬಹುದೇ ಎಂಬುದು ಅವರ ಹುಡುಕಾಟ. ಮನುಷ್ಯನಿಗೆ ಕೊಡುವುದಕ್ಕೆ ಎಷ್ಟೋ ವರ್ಷ ಮೊದಲು, ಅದನ್ನು ಮೊಟ್ಟೆಯೊಳಗಿನ ನಾಳಗಳ ಮೇಲೆ ಹನಿಸಿ ನೋಡಬೇಕು. ಫಾರಂ ಮೊಟ್ಟೆ ಆಗದು. ಹುಂಜದ ಸಂಗವಿಲ್ಲದ ಮೊಟ್ಟೆಯಲ್ಲಿ ಜೀವವೇ ಕಟ್ಟುವುದಿಲ್ಲ.

ದುರ್ಗಮ್ಮನಿಗೆ ಇದೆಲ್ಲ ತಲೆಗೆ ಹತ್ತಿದೆಯೇ? ಕೇಳಿದ್ದೇ ತಪ್ಪಾಯಿತು! "ಯಾಕ್ ಹತ್ತಲ್ಲ? ಕಳ್ಳ ಕಾಲುವೆ ಹೊಡ್ಕಂಡು ಗದ್ದೆ ಮಾಡ್ತಾರಲ್ಲ, ಹಂಗೇ ಗಡ್ಡೆ. ಕಾಲುವೆಗೆ ಮಣ್ಣು ಹಾಕಿದ್ರೆ ಒಣಗ್ತತಿ." ಇನ್ನೊಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ಹೇಳುತ್ತಾರೆ: "ನಮ್ ತಂಗಿ ರಾಧಮ್ಮಂಗೆ ಎದೇಲಿ ಗಡ್ಡೆ ಆಗಿತ್ತು. ಹೋಗಿ ಎರಡು ವರ್ಷ ಆತು. ಅವ್ಳಿಗಂತೂ ಆಗ್ಲಿಲ್ಲ."

ಮೂವತ್ತು ಹೇಂಟೆ, ನಾಲ್ಕು ಹುಂಜ. ವಾರಕ್ಕೆ ಐವತ್ತು ಮೊಟ್ಟೆ ಕಾವಿಗೆ. ಅದರಲ್ಲಿ ಆರಿಸಿದ ನಲವತ್ತು ಶಿಕಾರಿಪುರಕ್ಕೆ. ಇವತ್ತು ಮಾತ್ರ ಅವರು ಆರಿಸಿಟ್ಟ ಮೊಟ್ಟೆಗಳನ್ನೇ ಮತ್ತೆ ಮತ್ತೆ ಬೆಳಕಿಗೆ ಹಿಡಿಯುತ್ತಾರೆ. ಕಳೆದ ವಾರ ಕೊಟ್ಟ ಮೊಟ್ಟೆಗಳನ್ನು ಗಂಗಾಶ್ರೀ ತೆರೆದು ನೋಡುವ ದಿನ ಇದು. ಅವು ಕೆಟ್ಟಿದ್ದರೆ ಮುಂದಿನ ಮೊಟ್ಟೆ ಬೆಂಗಳೂರಿನಿಂದ ಬರುತ್ತದೆ, ದುರ್ಗಮ್ಮನ ಕೆಲಸ ಮುಗಿಯುತ್ತದೆ.

ಇದಕ್ಕೆಲ್ಲ ಕಾರಣ ಅವರದೇ ಮಡಿ. ಅದಕ್ಕೂ ಹಿಂದಿನ ವಾರ, ಒಳ್ಳೆಯ ಕೆಲಸಕ್ಕೆ ಹೋಗುವ ಸಾಮಾನು ಗಲೀಜಿರಬಾರದೆಂದು, ನಲವತ್ತು ಮೊಟ್ಟೆಗಳನ್ನೂ ಅರಿಶಿನದ ನೀರಿನಲ್ಲಿ ತೊಳೆದು ಕಳಿಸಿದ್ದರು. ರೋಗಾಣು ಒಳಹೋಗದಂತೆ ತಡೆಯುವ ಚಿಪ್ಪಿನ ಮೇಲಿನ ಕಾಪು ತೊಳೆದುಹೋಯಿತು. ಔಷಧ ಹಾಕಿದವುಗಳಲ್ಲೂ ನಾಳ ಸೊರಗಿತ್ತು, ಹಾಕದವುಗಳಲ್ಲೂ ಸೊರಗಿತ್ತು. ಔಷಧದ ಕೆಲಸವೋ ಮತ್ತೇನೋ ತಿಳಿಯದೆ ಗಂಗಾಶ್ರೀ ಕಾವಿನ ಪೆಟ್ಟಿಗೆಯನ್ನೇ ಬಿಚ್ಚಿ ಹುಡುಕುತ್ತಿದ್ದರು. ಸುಮ್ಮನಿದ್ದಿದ್ದರೆ ತಪ್ಪು ಪೆಟ್ಟಿಗೆಯ ತಲೆಗೇ ಬೀಳುತ್ತಿತ್ತು. ದುರ್ಗಮ್ಮ ಸುಮ್ಮನಿರಲಿಲ್ಲ. "'ಮೇಡಂ, ಪೆಟ್ಗೆ ಬಿಚ್ಬ್ಯಾಡ್ರಿ. ಮೊಟ್ಟೆ ನಾನೇ ತೊಳ್ದಿದ್ದು' ಅಂದೆ. ಸುಳ್ಳು ಹೇಳಿ ಇನ್ಯಾರದೋ ತಂಗಿ ಔಷಧ ಕೆಡಿಸ್ಲಾ?" ತೊಳೆಯದ ಮೊಟ್ಟೆಗಳಲ್ಲಿ ಇನ್ನೊಂದೇ ಸಲ ನೋಡೋಣ ಎಂದು ಗಂಗಾಶ್ರೀ ಒಪ್ಪಿದ್ದರು.

ಏಳರ ಬಸ್ಸು. ಭತ್ತದ ಹೊಟ್ಟಿನ ಬುಟ್ಟಿಗೆ ಕಂಬಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು ದುರ್ಗಮ್ಮ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಕಂಡಕ್ಟರ್ ಮಹೇಶ್ವರಪ್ಪ ಮೊಟ್ಟೆ ಮುಟ್ಟದ ಮನೆತನದವರು. "ನಾನಂತೂ ಬುಟ್ಟಿ ಹಿಡಿಯೋದಿಲ್ರೀ" ಎನ್ನುತ್ತಲೇ, ಗುಂಡಿ ಬಂದಾಗಲೆಲ್ಲ ಡ್ರೈವರ್‌ಗೆ "ನಿಧಾನ ಮಾರಾಯ, ಮುಂದೆ ಬಸುರಿ ಕೂತಾಳೆ ಅಂತ ತಿಳ್ಕ" ಎಂದು ಕೂಗುತ್ತಾರೆ. ಐವತ್ತೆರಡರ ದುರ್ಗಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಾರೆ.

ಪ್ರಯೋಗಾಲಯದಲ್ಲಿ ನಗು ನಿಂತಿದೆ. ಗಂಗಾಶ್ರೀ ಮೊದಲು ಔಷಧ ಹಾಕದ ಮೊಟ್ಟೆಗಳನ್ನು ತೆರೆಯುತ್ತಾರೆ. ಎಲ್ಲದರಲ್ಲೂ ನಾಳಗಳು ದಟ್ಟವಾಗಿ ಹಬ್ಬಿವೆ. ಆಮೇಲೆ ಔಷಧ ಹನಿಸಿದವು. "ಬನ್ನಿ ದುರ್ಗಮ್ಮ, ನೀವೇ ನೋಡಿ." ಹನಿ ಬಿದ್ದ ಜಾಗದ ಸುತ್ತ ಕಾಳುಮೆಣಸಿನಷ್ಟು ಅಗಲ ಬರಿದಾಗಿದೆ. ನಾಳಗಳು ಅಲ್ಲಿಯವರೆಗೆ ಬಂದು ನಿಂತಿವೆ.

"ಇದು ಮೊಟ್ಟೆ ಅಷ್ಟೇ, ಮನುಷ್ಯರಲ್ಲ. ಇನ್ನೂ ಬಹಳ ದೂರ ಇದೆ" ಎಂದು ಗಂಗಾಶ್ರೀ ಎಚ್ಚರಿಸುತ್ತಾರೆ. ದುರ್ಗಮ್ಮ ಕೇಳಿಸಿಕೊಂಡಂತಿಲ್ಲ. ಅವರ ಕಣ್ಣು ತುಂಬಿದೆ. "ಇಷ್ಟು ವರ್ಷ ನರ ಕಂಡ್ರೆ ಖುಷಿಪಡ್ತಿದ್ದೆ ಕಣ್ರಿ. ಇವತ್ತು ನರ ಇಲ್ಲದ್ ಕಂಡು ಜೀವ ತಂಪಾತು."

ಮುಂದೆಂದಾದರೂ ಈ ಕೆಲಸದ ವರದಿ ಅಚ್ಚಾದರೆ ಅದರಲ್ಲಿ ನಿಮ್ಮ ಹೆಸರು ಬರಬೇಕಲ್ಲವೇ ಎಂದು ನಾನು ಕೇಳುತ್ತೇನೆ. ಖಾಲಿ ಬುಟ್ಟಿ ಕಂಕುಳಿಗಿಟ್ಟುಕೊಂಡ ದುರ್ಗಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ.

"ಹೆಸ್ರು ಯಾಕ್ರೀ? ಮೊಟ್ಟೆ ಹೊಸಬಾಳೆದು, ತೊಳೆದಿಲ್ಲ ಅಂತ ಬರೀಲಿ. ಅಷ್ಟು ಸಾಕು."