ಫ್ಯಾನು ಹಾಕಿದ ಅಂಬಾಸಿಡರ್

ಶಿಡ್ಲಘಟ್ಟದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಆವುಲಪ್ಪನವರ ಬಿಳಿ ಅಂಬಾಸಿಡರ್ ಬಗ್ಗೆ ಒಂದು ತಮಾಷೆ ಇತ್ತು. ಯಾರಾದರೂ ನಂದಿಬೆಟ್ಟಕ್ಕೆ ಬಾಡಿಗೆ ಕೇಳಿಕೊಂಡು ಬಂದರೆ ಪಕ್ಕದ ಗಾಡಿಯ ಕೋನಪ್ಪ ಕೂಗುತ್ತಿದ್ದ: “ಆವುಲಪ್ಪನ ಕಾರಲ್ಲಿ ಹೋಗ್ರಪ್ಪ! ಅರ್ಧ ಬೆಟ್ಟ ಕಾರು ನಿಮ್ಮನ್ನ ಹತ್ತಿಸ್ತದೆ, ಇನ್ನರ್ಧ ನೀವು ಕಾರನ್ನ ಹತ್ತಿಸ್ಬೇಕು.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಾರಿನ ಡೀಸೆಲ್ ಇಂಜಿನ್ ಸವೆದುಹೋಗಿತ್ತು. ಬೆಟ್ಟದ ಮೇಲ್ಭಾಗದ ಒಂದು ಕಡಿದಾದ ತಿರುವು ಅದಕ್ಕೆ ಆಗುತ್ತಲೇ ಇರಲಿಲ್ಲ. ಏರಿನಲ್ಲಿ ನಿಂತರೆ ಮತ್ತೆ ಹೊರಡದು. ಅದಕ್ಕೇ ತಿರುವಿಗೆ ಮೊದಲು ಸಿಗುವ ಸ್ವಲ್ಪ ಸಮತಟ್ಟಾದ ಜಾಗದಲ್ಲಿ ಆವುಲಪ್ಪನವರು ನಿಧಾನ ಮಾಡಿ “ಇಳ್ಕೊಳ್ರಪ್ಪ” ಎನ್ನುತ್ತಿದ್ದರು. ಜನ ಇಳಿದು ಬಾಗಿಲು ಬಡಿಯುತ್ತಿದ್ದರು. ಬಾಗಿಲಿನ ಸದ್ದು ಕೇಳಿದ್ದೇ ತಡ, ಅವರು ಹಿಂದೆ ನೋಡದೆ ಒಂದೇ ಓಟಕ್ಕೆ ಮೇಲಿನ ಬಯಲಿಗೆ ಏರಿಸಿ ಅಲ್ಲಿ ಕಾಯುತ್ತಿದ್ದರು. ಜನ ನಗುತ್ತಾ ಬಯ್ಯುತ್ತಾ ನಡೆದು ಬಂದು ಸೇರುತ್ತಿದ್ದರು. ಇದು ರೂಢಿ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಎಷ್ಟೋ ಜನರನ್ನು ಹೀಗೆ ಬೆಟ್ಟ ಹತ್ತಿಸಿದ ಆವುಲಪ್ಪನವರು ಹೆಂಡತಿಯನ್ನು ಮಾತ್ರ ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಮಂಗಮ್ಮನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಬೆಳಿಗ್ಗೆ ಎದ್ದರೆ ಎದುರಿಗೇ ಬೆಟ್ಟ. ದನ ಕಾಯುವಾಗ, ರಾಗಿ ಕಳೆ ಕೀಳುವಾಗ ಅದರ ನೆತ್ತಿಯ ಮೇಲೆ ಮೋಡ ಕೂರುವುದನ್ನು ನೋಡಿ ಬೆಳೆದವರು. ಆವುಲಪ್ಪನವರು ಅವರಿಗೆ ಸೋದರಮಾವ. ಮದುವೆಯಾದ ಮೇಲೂ “ಮಾವ” ಎಂದೇ ಕರೆಯುತ್ತಿದ್ದರು. “ಮಾವ, ಮೇಲಿಂದ ನಮ್ಮೂರು ಹೆಂಗ್ ಕಾಣ್ತದೆ ಅಂತ ಒಂದ್ಸಲ ನೋಡ್ಬೇಕು” ಎನ್ನುತ್ತಿದ್ದರು. ನಾಳೆ, ಮುಂದಿನ ವಾರ, ಈ ಸೀಸನ್ ಮುಗೀಲಿ ಎನ್ನುವುದರಲ್ಲೇ ಕಾಲ ಕಳೆಯಿತು.

ಅಷ್ಟರಲ್ಲಿ ಮಂಗಮ್ಮನವರಿಗೆ ಉಬ್ಬಸ ಹತ್ತಿತು. ಅವರು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಹಬೆ, ಒಲೆಯ ಹೊಗೆ, ಗಾಳಿಯಾಡದ ಶೆಡ್ಡು. ನಮ್ಮ ಊರಿನಲ್ಲಿ ಈ ಕೆಲಸ ಮಾಡುವ ಎಷ್ಟೋ ಹೆಂಗಸರ ಎದೆ ಹೀಗೇ ಹಾಳಾಗಿದೆ. ಮನೆಯ ಮೂರು ಮೆಟ್ಟಿಲು ಹತ್ತಿದರೂ ಅವರು ಗೋಡೆ ಹಿಡಿದು ನಿಲ್ಲುವಂತಾಯಿತು. ತಿರುವಿನಲ್ಲಿ ಇಳಿದು ನಡೆಯುವ ಮಾತೇ ಇರಲಿಲ್ಲ.

“ನೀವಿಬ್ರೇ ಹೋಗ್ರಣ್ಣ” ಎಂದರು ಮೆಕ್ಯಾನಿಕ್ ಷರೀಫ್ ಭಾಯ್. “ಇಬ್ರು ಆದ್ರೆ ಗಾಡಿ ಎಳೀತದೆ.”

ಮಂಗಮ್ಮ ಒಪ್ಪಲಿಲ್ಲ. “ಮಕ್ಕಳ್ನ ಬಿಟ್ಟು ನಾನೊಬ್ಬಳೇ ಹೋಗಿ ಏನ್ ನೋಡ್ಲಿ? ನಮ್ಮನೆ ಅದು, ಕೆರೆ ಇದು ಅಂತ ಯಾರಿಗ್ ತೋರಿಸ್ಲಿ?”

ಅದು ಎರಡು ಸಾವಿರದ ಆರನೇ ಇಸವಿ ಇರಬೇಕು. ಬಾಡಿಗೆಗೆ ಬೆಂಗಳೂರಿಗೆ ಹೋಗಿದ್ದ ಆವುಲಪ್ಪನವರು ಒಂದು ಬಿಡಿಭಾಗದ ಅಂಗಡಿಯಿಂದ ಕೆಂಪು ಕಾರಿನ ಚಿತ್ರವಿದ್ದ ಡಬ್ಬಿ ತಂದರು. ಎಲೆಕ್ಟ್ರಿಕ್ ಸೂಪರ್‌ಚಾರ್ಜರ್. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗೆ ಕೂರಿಸುವ, ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು. ಗಾಳಿ ಹೆಚ್ಚು ಹೋದಷ್ಟೂ ಶಕ್ತಿ ಹೆಚ್ಚು, ಇದನ್ನು ಹಾಕಿದರೆ ಬೆಟ್ಟವೂ ಬಯಲೇ ಎಂದಿದ್ದನಂತೆ ಅಂಗಡಿಯವನು. ಉಸಿರಿಲ್ಲದೆ ಒದ್ದಾಡುವವಳನ್ನು ದಿನವೂ ನೋಡುತ್ತಿದ್ದ ಮನುಷ್ಯನಿಗೆ ಆ ಮಾತು ನಾಟಿತು.

ಷರೀಫ್ ಭಾಯ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಬ್ಯಾಟರಿಗೆ ಜೋಡಿಸಿ, ಫ್ಯಾನಿನ ಬಾಯಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿದರು. ಕವರ್ ಉಬ್ಬಿತು. ಅಂಗೈಯಿಂದ ಮೆಲ್ಲಗೆ ಒತ್ತಿದರೆ ಅಷ್ಟಕ್ಕೇ ಗಾಳಿ ವಾಪಸ್ ಬಂತು.

“ನೋಡ್ರಣ್ಣ, ಇದರ ದಮ್ಮು ಇಷ್ಟೇ. ಇಂಜಿನ್ ತಾನಾಗೇ ಇದಕ್ಕಿಂತ ಜೋರಾಗಿ ಗಾಳಿ ಎಳ್ಕೊಳ್ತದೆ. ನಿಜವಾದ ಸೂಪರ್‌ಚಾರ್ಜರ್‌ನ ಬೆಲ್ಟ್ ಹಾಕಿ ಇಂಜಿನ್ನೇ ತಿರುಗಿಸ್ಬೇಕು. ಗಾಳೀನ ಒತ್ತಿ ತುಂಬೋಕೆ ಅಷ್ಟು ಬಲ ಬೇಕು. ಈ ಆಟದ ಸಾಮಾನಿನ ಮೋಟಾರಿಗೆ ಎಲ್ಲಿಂದ ಬರ್ತದೆ? ಕೆಟ್ಟು ನಿಂತ್ರೆ ಇದರ ರೆಕ್ಕೇನೇ ಗಾಳಿಗೆ ಅಡ್ಡ. ನಿಮ್ ಇಂಜಿನ್ದು ಪಿಸ್ಟನ್ನು, ರಿಂಗು ಸವೆದು ಹೋಗವೆ. ಇಂಜಿನ್ ಬಿಚ್ಚಿಸ್ರಿ.”

“ಇಂಜಿನ್ ಬಿಚ್ಚಿದ್ರೆ ತಿಂಗಳು ಗಾಡಿ ನಿಲ್ತದೆ ಭಾಯ್. ಇವಳಿಗೆ ಈಗ ಒಂದಿಷ್ಟು ಪರವಾಗಿಲ್ಲ. ಚಳಿ ಬಂದ್ರೆ ಹಾಸಿಗೆ ಬಿಟ್ಟು ಏಳಲ್ಲ. ಹಾಕಿಕೊಡಪ್ಪ, ನಿನ್ ಕೈ ಮುಗೀತೀನಿ.”

ಷರೀಫ್ ಭಾಯ್ ಹಾಕಿಕೊಟ್ಟರು. ಹಾಕುವಾಗ ಧೂಳು ಮೆತ್ತಿದ್ದ ಏರ್ ಕ್ಲೀನರನ್ನೂ ತೊಳೆದರು. ಮಾರನೆಯ ದಿನ ಕೈವಾರದ ರಸ್ತೆಯಲ್ಲಿ ಕಾರು ಸ್ವಲ್ಪ ಹಗುರಾಗಿ ಓಡಿತು. ಸ್ವಿಚ್ ಒತ್ತಿದರೆ ಫ್ಯಾನು ಕುಂಯ್ ಎನ್ನುತ್ತಿತ್ತು. “ಏಮಪ್ಪಾ ಆವುಲಪ್ಪಾ, ವಿಮಾನ ತಂದಿದ್ದೀಯಾ?” ಎಂದ ಕೋನಪ್ಪ. ಏರ್ ಕ್ಲೀನರ್ ತೊಳೆದಿದ್ದರಿಂದ ಓಡುತ್ತಿದೆ ಎಂದು ಷರೀಫ್ ಭಾಯ್ ಹೇಳಿದ್ದು ಆವುಲಪ್ಪನವರ ಕಿವಿಗೆ ಹೋಗಲಿಲ್ಲ.

ಆ ಭಾನುವಾರವೇ ಹೊರಟರು. ಮುಂದೆ ಅಳಿಯ ಜಗನ್. ಹಿಂದೆ ಮಂಗಮ್ಮ, ಅವರ ತಂಗಿ ಜ್ಯೋತಿಲಕ್ಷ್ಮಿ, ಮಗಳು ಚೈತ್ರ, ಚೈತ್ರಳ ಇಬ್ಬರು ಹೆಣ್ಣುಮಕ್ಕಳು. ಮಂಗಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಕಾಲ ಬಳಿ ಚಿತ್ರಾನ್ನದ ಡಬ್ಬಿ.

ಅರ್ಧ ಬೆಟ್ಟ ಸಲೀಸಾಗಿ ಏರಿದರು. ಆಮೇಲೆ ಇಂಜಿನ್ ಏದುಸಿರು ಬಿಡತೊಡಗಿತು. ಆವುಲಪ್ಪನವರು ಸ್ವಿಚ್ ಒತ್ತಿದರು. ಫ್ಯಾನು ಕೂಗಿತು, ಕಾರು ಇನ್ನೂ ನಿಧಾನವಾಯಿತು. ಹಿಂದೆ ಕಪ್ಪು ಹೊಗೆ. ತಿರುವಿನ ಮುಂಚಿನ ಸಮತಟ್ಟಿಗೆ ಬರುವ ಹೊತ್ತಿಗೆ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

“ಮಾವ, ನಾವು ಇಳೀತೀವಿ ಬಿಡಿ” ಎಂದ ಜಗನ್.

“ಇಳ್ಕೊಳ್ರಪ್ಪ. ಮಂಗಾ, ನೀನು ಮಾತ್ರ ಇಳೀಬೇಡ ಕಣೇ. ನಿನ್ನ ಕೂರಿಸ್ಕೊಂಡೇ ಹತ್ತಿಸ್ತೀನಿ.”

ಬಾಗಿಲುಗಳು ಬಡಿದವು. ರೂಢಿಯಂತೆ ಅವರು ಹಿಂದೆ ನೋಡದೆ ಹೊರಟರು. ಒಳಗಿನ ಕನ್ನಡಿ ಯಾವಾಗಲೋ ಉದುರಿಹೋಗಿತ್ತು. ಹಿಂದಿನಿಂದ ಚೈತ್ರ “ಅಪ್ಪಾ! ಅಪ್ಪಾ!” ಎಂದು ಕೂಗಿದ್ದು ಇಂಜಿನ್ನಿನ ಗದ್ದಲ, ಫ್ಯಾನಿನ ಕೂಗಿನಲ್ಲಿ ಕೇಳಿಸಲಿಲ್ಲ.

ಕಾರು ತಿರುವನ್ನು ಹಗುರಾಗಿ ಹತ್ತಿತು. ಆವುಲಪ್ಪನವರಿಗೆ ಸಂತೋಷ ತಡೆಯಲಾಗಲಿಲ್ಲ. “ನೋಡಿದ್ಯಾ ಮಂಗಾ! ಹತ್ತಲ್ಲ ಅಂದ್ನಲ್ಲ ಷರೀಫು! ಫ್ಯಾನು ಹೆಂಗ್ ತಳ್ತಾ ಅದೆ ನೋಡು!” ದಾರಿಯುದ್ದಕ್ಕೂ ಹೀಗೆ ಮಾತಾಡಿದರು. ಉತ್ತರ ಬಾರದಿದ್ದಾಗ, ಮಾತಾಡಿದರೆ ಅವಳಿಗೆ ದಮ್ಮು ಬರುತ್ತದೆ, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡರು. ಮೇಲಿನ ಬಯಲಿನಲ್ಲಿ ಕಾರು ನಿಲ್ಲಿಸಿ, ಇಳಿದು ಬಂದು, ಕೈ ಹಿಡಿದು ಇಳಿಸಿಕೊಳ್ಳಲು ಹಿಂದಿನ ಬಾಗಿಲು ತೆಗೆದರು. ಸೀಟಿನ ಕೆಳಗೆ ಚಿತ್ರಾನ್ನದ ಡಬ್ಬಿ ಇತ್ತು. ಮಂಗಮ್ಮ ಇರಲಿಲ್ಲ.

ಹೊಗೆ, ಗಂಡನ ಕುತ್ತಿಗೆಯ ಬೆವರು ನೋಡಿ ಅವರು ಎಲ್ಲರಿಗಿಂತ ಕೊನೆಗೆ ಇಳಿದುಬಿಟ್ಟಿದ್ದರು. ಚೈತ್ರ ಗದರಿದಾಗ, “ನನ್ನಿಂದ ಗಾಡಿ ನಿಂತ್ರೆ ಮಾವನ ಮುಖ ನೋಡೋಕಾಗಲ್ಲಮ್ಮ. ನಿಧಾನಕ್ಕೆ ನಡೀತೀನಿ” ಎಂದರಂತೆ. ಆ ತಿರುವು ದಾಟಲಾಗಲಿಲ್ಲ. ಆವುಲಪ್ಪನವರು ಕಾರು ಬಿಟ್ಟು ಓಡಿ ಬಂದಾಗ ರಸ್ತೆ ಬದಿಯ ಕಟ್ಟೆಯ ಮೇಲೆ ತಂಗಿಯ ಹೆಗಲಿಗೆ ಒರಗಿದ್ದರು. ತುಟಿ ನೀಲಿಗಟ್ಟಿತ್ತು. ಜಗನ್ ಕೆಳಗಿಳಿಯುತ್ತಿದ್ದ ಒಂದು ಜೀಪನ್ನು ಅಡ್ಡಗಟ್ಟಿ ನಿಲ್ಲಿಸಿದ್ದ. ಅವರನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆ ಜೀಪಿನಲ್ಲಿ.

ಎರಡನೆಯ ದಿನ ಒಂದಿಷ್ಟು ಮಾತಾಡಿದರು.

“ಕಾರು ಹತ್ತಿತಾ ಮಾವ?”

“ಹತ್ತಿತು.”

“ಫ್ಯಾನಿಂದಾನಾ?”

ಆವುಲಪ್ಪನವರು ಅವರ ಹೊದಿಕೆ ಎಳೆದು ಸರಿಮಾಡುತ್ತಾ, “ಹೂಂ ಕಣೇ, ಫ್ಯಾನಿಂದಾನೇ” ಎಂದರು.

“ಹಂಗಾದ್ರೆ ಇನ್ನೊಂದ್ಸಲ ಹೋಗಣ. ಈ ಸಲ ಇಳಿಯಲ್ಲ” ಎಂದು ಮಂಗಮ್ಮ ನಕ್ಕರು. ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ.

ತಿಥಿ ಮುಗಿದ ಮೇಲೆ ಆವುಲಪ್ಪನವರು ಷರೀಫ್ ಭಾಯ್ ಗ್ಯಾರೇಜಿಗೆ ಕಾರು ತಂದು, “ಬಿಚ್ಚಪ್ಪ” ಎಂದರು. ಷರೀಫ್ ಭಾಯ್ ಹಿಂದಿನ ಮಾತು ಒಂದನ್ನೂ ಎತ್ತಲಿಲ್ಲ. ಫ್ಯಾನು ತೆಗೆದು ಬೆಂಚಿನ ಕೆಳಗಿಟ್ಟು, ಇಂಜಿನ್ ಬಿಚ್ಚಿ ಹೊಸ ಪಿಸ್ಟನ್, ರಿಂಗು ಹಾಕಿದರು. ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ಆವುಲಪ್ಪನವರು ಬೆಳಿಗ್ಗೆ ಬಂದು ಗ್ಯಾರೇಜಿನ ಕಲ್ಲಿನ ಮೇಲೆ ಕೂತು ಸಂಜೆ ಎದ್ದು ಹೋಗುತ್ತಿದ್ದರು.

ಕಾರು ಸಿದ್ಧವಾದ ದಿನ ಇಬ್ಬರೂ ಬೆಟ್ಟಕ್ಕೆ ಹೋದರು. ಷರೀಫ್ ಭಾಯ್ ಬೇಕೆಂದೇ ಹಿಂದಿನ ಸೀಟಿನಲ್ಲಿ ಮರಳಿನ ಚೀಲ ಹೇರಿಸಿದ್ದರು. ಅಷ್ಟು ಭಾರ ಹೊತ್ತೂ ಆ ತಿರುವಿನಲ್ಲಿ ಕಾರು ತಡವರಿಸಲಿಲ್ಲ. ಮೇಲೆ ಹೋಗಿ ನಿಂತಾಗ ಕೆಳಗೆ ಎಳೆ ಬಿಸಿಲಿನಲ್ಲಿ ಮುದ್ದೇನಹಳ್ಳಿಯ ಕಡೆಯ ಹೊಲಗಳು, ಕೆರೆ ಎಲ್ಲ ಕಾಣುತ್ತಿದ್ದವು.

“ಇಳೀರಣ್ಣ, ಒಂದ್ಸಲ ನೋಡ್ರಿ” ಎಂದರು ಷರೀಫ್ ಭಾಯ್.

“ಬೇಡಪ್ಪ” ಎಂದರು ಆವುಲಪ್ಪ. “ನಂಗೆ ಅವಳ ಮನೆ ಯಾವುದು, ಕೆರೆ ಯಾವುದು ಅಂತ ತೋರಿಸೋರು ಯಾರಿದಾರೆ?”

ಅವರು ಸೀಟಿನಿಂದ ಇಳಿಯಲೇ ಇಲ್ಲ. ಕುತ್ತಿಗೆ ಹೊರಳಿಸಿ ಹಿಂದಿನ ಸೀಟಿನ ಕಡೆ ನೋಡಿ, ಕಾರು ತಿರುಗಿಸಿದರು.